ನಿಂಬೆಹಣ್ಣಿನ ಕವರ್ ಡ್ರೈವ್

ಪಟ್ಟಾಭಿ: ಮೀರಾ, ಈ ಫೋಟೋದಲ್ಲಿ ನನ್ನ ತಲೆ ಎಲ್ಲೇ?

ಮೀರಾ: ಶಾಟ್ ಹೊಡೆಯೋವಾಗ ಎಲ್ಲಿತ್ತೋ ಅಲ್ಲೇ ಇರುತ್ತೆ ರೀ. ಫೋಟೋಗೆ ಬರ್ಲಿಲ್ಲ ಅಷ್ಟೆ.

(ವಿದೇಶದ ಬೆಡೋಕ್ ಬಡಾವಣೆಯಲ್ಲಿ ಒಂದು ಬ್ಲಾಕಿನ ವಾಯ್ಡ್ ಡೆಕ್. ಮೇಲೆಲ್ಲ ಮನೆಗಳು, ಕೆಳಗೆ ಕಂಬಗಳ ನಡುವೆ ಖಾಲಿ ಜಾಗ. ಬ್ಯಾಂಕಿನ ಐಟಿ ವಿಭಾಗದ ಪಟ್ಟಾಭಿರಾಮ ಪ್ಯಾಡು, ಹೆಲ್ಮೆಟ್ಟು ಸಮೇತ ಬ್ಯಾಟು ಹಿಡಿದು ನಿಂತಿದ್ದ. ಹಿಂದೆ ಕಂಬಕ್ಕೆ ಒರಗಿಸಿದ ಛತ್ರಿಯೇ ವಿಕೆಟ್ಟು. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಅದರ ರಿಮೋಟು ಹೆಂಡತಿ ಮೀರಾಳ ಕೈಯಲ್ಲಿ.)

ಪಟ್ಟಾಭಿ: ಕನ್ನಡ ಸಂಘದ ಸೆಕ್ರೆಟರಿ ಅನಂತರಾಮ್ ಸಾರ್ ಇನ್ನೇನು ಬಂದ್ಬಿಡ್ತಾರೆ. ಪೋಸ್ಟರ್‌ಗೆ ಫೋಟೋ ಕೊಡ್ದಿದ್ರೆ ಶನಿವಾರ ನನ್ನ ಭಾಷಣ ಕ್ಯಾನ್ಸಲ್. ಆ ಟೈಮಲ್ಲಿ ಕೌಸಲ್ಯಾ ಅವರ ಅಂತ್ಯಾಕ್ಷರಿ!

ಮೀರಾ: ಜನ ಬದುಕ್ಕೊಂಡ್ರು ಬಿಡಿ. ಅಲ್ಲಾ, ಭಾಷಣ ಆ ಬೆಲ್ಡಮ್ ಬಗ್ಗೆ ತಾನೆ? ಅವರ ಫೋಟೋನೇ ಹಾಕ್ಬಹುದಲ್ಲ?

ಪಟ್ಟಾಭಿ: ಅವರು ಫೋಟೋ ತೆಗೆದವರು ಕಣೇ! ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಲ್ಲಿ ಮಿಡ್ಲ್‌ಸೆಕ್ಸ್ ಟೀಮಿಗೆ ಕ್ರಿಕೆಟ್ಟೂ ಆಡ್ತಿದ್ರು. ಆವಾಗೆಲ್ಲ ಆಟಗಾರರು ಮದುವೆ ಗಂಡಿನ ಹಾಗೆ ಬಿಗಿಯಾಗಿ ನಿಂತು ಫೋಟೋ ತೆಗೆಸ್ಕೊಳ್ತಿದ್ರು. ಓಡೋ ಕಾಲು, ಬೀಸೋ ಬ್ಯಾಟು, ಅದನ್ನ ಹಾಗ್‌ಹಾಗೇ ಹಿಡಿದಿದ್ದು ಇವರು.

ಮೀರಾ: ನೀವೀಗ ನಿಂತಿರೋದೂ ಮದುವೆ ಗಂಡಿನ ಹಾಗೇನೇ. ಅವತ್ತೂ ಹಿಂಗೇ ಬೆವರ್ತಿದ್ರಿ.

ಪಟ್ಟಾಭಿ: ಬಾಲೇ ಇಲ್ದೆ ಇನ್ನೇನ್ ಮಾಡ್ಲಿ?

ಮೀರಾ: ಮೇಲಿಂದ ತರ್ಲಾ?

ಪಟ್ಟಾಭಿ: ಅಯ್ಯೋ, ಬೋರ್ಡ್ ನೋಡು! ಇಲ್ಲಿ ಬಾಲ್ ಆಡಂಗಿಲ್ಲ. ಈ ದೇಶದಲ್ಲಿ ಪರ್ಮನೆಂಟ್ ರೆಸಿಡೆನ್ಸಿಗೆ ಅಪ್ಲೈ ಮಾಡಿದೀವಿ, ಈಗ ಫೈನ್ ಬಿದ್ರೆ?

(ಮೀರಾ ಮಾರ್ಕೆಟ್ ಚೀಲದಿಂದ ಚಿತ್ರಾನ್ನಕ್ಕೆಂದು ತಂದಿದ್ದ ನಿಂಬೆಹಣ್ಣೊಂದನ್ನು ತೆಗೆದಳು.)

ಮೀರಾ: ನಿಂಬೆಹಣ್ಣು ಆಡಬಾರದು ಅಂತ ಬರೆದಿದ್ಯಾ?

ಪಟ್ಟಾಭಿ: ನೀನು ಬೌಲಿಂಗ್ ಮಾಡಿದ್ರೆ ಫೋಟೋ ಯಾರು ತೆಗೀತಾರೆ?

ಮೀರಾ: ಬಲಗೈಲಿ ಹಣ್ಣು, ಎಡಗೈಲಿ ರಿಮೋಟು. ಒಲೆ ಮೇಲೆ ಹಾಲಿಟ್ಟು ಫೋನಲ್ಲಿ ಮೀಟಿಂಗ್ ಮಾಡೋಳಿಗೆ ಇದೇನ್ ಮಹಾ?

ಪಟ್ಟಾಭಿ: ಬೆಲ್ಡಮ್ ಫೋಟೋಗಳು ಯಾಕೆ ಅಷ್ಟು ಚೆನ್ನಾಗಿದ್ವು ಗೊತ್ತಾ? ಅವರಿಗೆ ಆಟ ಗೊತ್ತಿತ್ತು. ಬ್ಯಾಟ್ಸ್‌ಮನ್ ಯಾವಾಗ ಏನ್ ಮಾಡ್ತಾನೆ ಅಂತ ಮುಂಚೇನೇ ಹೊಳೀತಿತ್ತು. ನಿಂಗೇನ್ ಗೊತ್ತು?

ಮೀರಾ: ನೋಡೋಣ ಇರಿ.

ಪಟ್ಟಾಭಿ: (ದನಿ ತಗ್ಗಿಸಿ) ತಮಾಷೆ ಮಾಡ್ಬೇಡ ಮೀರಾ. ಇಷ್ಟು ವರ್ಷ ಸಂಘದ ಟೀಮಲ್ಲಿದೀನಿ, ಇರೋದು ಒಂದೇ ಫೋಟೋ. ಅದ್ರಲ್ಲೂ ನೀರಿನ ಬಾಟಲ್ ಹಿಡ್ಕೊಂಡು ಓಡ್ತಿದೀನಿ. ನಾನೂ ಆಡ್ದೆ ಅನ್ನೋಕೆ ಒಂದಾದ್ರೂ ಬೇಡ್ವಾ?

(ಮೀರಾಳಿಗೆ ಪಾಪ ಅನ್ನಿಸಿತು. ಆದರೆ ಅದನ್ನು ತೋರಿಸಿಕೊಂಡರೆ ಇವರು ಕೆಟ್ಟುಹೋಗುತ್ತಾರೆಂದು ಸೆರಗು ಸಿಕ್ಕಿಸಿದಳು.)

ಮೀರಾ: ಸರಿ, ಮುಂದಕ್ಕೆ ಹಾರಿ ಹೊಡೀರಿ!

(ಪಟ್ಟಾಭಿ ಹಾರಿದ. ಬ್ಯಾಟು ಗಾಳಿಯನ್ನು ಸೀಳಿತು. ಮೀರಾ ಎಸೆದ ನಿಂಬೆಹಣ್ಣು ಅದರ ಕೆಳಗೆ ನುಸುಳಿ ಛತ್ರಿಗೆ ಬಡಿಯಿತು. ಕ್ಲಿಕ್! ಅಷ್ಟರಲ್ಲಿ ಅನಂತರಾಮ್ ಬಂದು ಕ್ಯಾಮೆರಾದೊಳಗೆ ಇಣುಕಿದರು.)

ಅನಂತರಾಮ್: ಆಹಾ! ಎರಡು ಕಾಲೂ ನೆಲದ ಮೇಲಿಲ್ಲ! ಹುಲಿ ಕಣ್ರೀ ನೀವು!

ಪಟ್ಟಾಭಿ: ಸಾರ್, ಹಿಂದೆ ಛತ್ರಿ ಬೀಳ್ತಿದೆ, ನೋಡಿ. ನಾನು ಔಟ್! ಮೀರಾ, ಡಿಲೀಟ್ ಮಾಡೇ!

ಅನಂತರಾಮ್: ಮುಟ್ಟಿದ್ರೆ ಜೋಕೆ! ಇಷ್ಟು ಕರೆಕ್ಟಾಗಿ ಹೇಗಮ್ಮಾ ಒತ್ತಿದೆ?

ಮೀರಾ: ಆಟ ನಂಗೊತ್ತಿಲ್ಲ ಅಂಕಲ್. ಇವರು ಯಾವಾಗ ಔಟಾಗ್ತಾರೆ ಅಂತ ಮಾತ್ರ ಚೆನ್ನಾಗಿ ಗೊತ್ತು.

ಅನಂತರಾಮ್: ಬೆಲ್ಡಮ್ ಥರಾನೇ ಆಡ್ತಾ ಆಡ್ತಾ ಫೋಟೋ ತೆಗೆದೋಳು ನೀನೇ ಅಂದ್ಮೇಲೆ ಅವರ ಬಗ್ಗೆ ಶನಿವಾರ ನೀನೇ ಮಾತಾಡ್ಬಿಡು!

(ಪಟ್ಟಾಭಿ ಹೆಲ್ಮೆಟ್ ತೆಗೆದ. ಮುಖ ಬಾಡಿಹೋಗಿತ್ತು.)

ಪಟ್ಟಾಭಿ: ಅಂದ್ರೆ... ಇಲ್ಲೂ ನಾನು ಹನ್ನೆರಡನೇ ಆಟಗಾರನಾ?

ಮೀರಾ: ಬೇಡ ಅಂಕಲ್. ತಿಂಗಳಿಂದ ಆ ಬೆಲ್ಡಮ್ ಇವರ ಜೊತೆ ನಮ್ಮನೇಲೇ ಊಟಕ್ಕೆ ಕೂತ್ಕೊಳ್ತಿದಾರೆ. ಮಾತಾಡೋರು ಇವರೇ. ಪೋಸ್ಟರಲ್ಲಿ ಬೌಲರ್ ಹೆಸರು ಮಾತ್ರ ದಪ್ಪಕ್ಷರದಲ್ಲಿ ಹಾಕ್ಸಿ.

ಪಟ್ಟಾಭಿ: ಶನಿವಾರ ನೀನೂ ಬರ್ತೀಯಾ ತಾನೆ?

ಮೀರಾ: ಬರ್ದೆ ಇರ್ತೀನಾ ರೀ? ಈ ಸಲ ನೀರಿನ ಬಾಟಲ್ ನಾನು ತರ್ತೀನಿ.