ಗ್ರೀಕ್ ಸೂಪಿಗೆ ರಾಗಿಮುದ್ದೆ

ಮೂರು ಸೀಮೆಯ ಜನ ಒಂದೇ ಅಡುಗೆಮನೆಯಲ್ಲಿ ನಿಂತ ಮೇಲೆ ದಿನಕ್ಕೊಂದು ಅವಾಂತರ ಆಗದೆ ಇರುತ್ತದೆಯೇ?

ರಿಸೆಷನ್ನಿನಲ್ಲಿ ಲಿಸ್ಲ್ ಎಂಬ ಊರಿನ ಕಂಪನಿಯವರು ನನ್ನನ್ನು ಮನೆಗೆ ಕಳಿಸಿದರು. ಪಕ್ಕದೂರು ಲೊಂಬಾರ್ಡಿನ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಗ್ರೀಕ್ ಹೋಟೆಲಿನಲ್ಲಿ ಅಡುಗೆಗೆ ಸೇರಿಕೊಂಡೆ. ಮೈಸೂರಿನಿಂದ ಅಮ್ಮ, "ಇದನ್ನ ಮನೇಲೇ ಪುಕ್ಕಟೆ ಕಲಿಸ್ತಿದ್ದೆನಲ್ಲೇ, ಎಂಜಿನಿಯರಿಂಗ್ ಯಾಕೆ ಓದಿದೆ?" ಅಂದರು.

ಯಜಮಾನ ಗ್ರೀಕ್. ಅವನ ಹೆಂಡತಿ ಈ ದೇಶದ ದಕ್ಷಿಣದ ಅಲಬಾಮದವಳು. ಅಜ್ಜಿ ಕಾಲದ ನಾಟಿ ಮೆಕ್ಕೆಜೋಳ ಬಿಟ್ಟು ಬೇರೆ ಜೋಳ ಮುಟ್ಟಳು. ನಾನು ರಾಗಿ, ಬಿಳಿಜೋಳ, ನವಣೆ ಹಿಡಿದುಕೊಂಡು ಹೋದೆ. ಮೂವರೂ ಸೇರಿ ಹೊಸ ಮೆನು ಕಟ್ಟಿದೆವು. ಹೋಟೆಲು ನೊಣ ಹೊಡೆಯುತ್ತಿತ್ತು. "ಇದಕ್ಕೂ ಜನ ಬರದಿದ್ದರೆ ಬಾಗಿಲು ಹಾಕುವುದೇ," ಎಂದಿದ್ದ ಯಜಮಾನ. ಅಂದರೆ ನನ್ನ ಎರಡನೆಯ ಕೆಲಸಕ್ಕೂ ಎಳ್ಳುನೀರು.

ಅಗಿಯಬೇಡಿ

ಮೊದಲ ಪ್ರಯೋಗ, ಮೊಟ್ಟೆ-ನಿಂಬೆಹಣ್ಣಿನ ಗ್ರೀಕ್ ಸೂಪಿನಲ್ಲಿ ರಾಗಿಮುದ್ದೆ. ಒಬ್ಬ ಗಿರಾಕಿ ಮುದ್ದೆಯನ್ನು ಬಾಯಿಗಿಟ್ಟು ಅಗಿದ, ಅಗಿದ, ಅಗಿಯುತ್ತಲೇ ಕೂತ. ಮುಖ ಕೆಂಪಾಯಿತು. ನಾನು ಓಡಿಹೋಗಿ, "ಸಾರ್, ಇದನ್ನು ಅಗಿಯಬಾರದು. ಸೂಪಿನಲ್ಲಿ ಅದ್ದಿ ಹಾಗೇ ನುಂಗಬೇಕು," ಅಂದೆ.

ಅವನು ಹಲ್ಲಿಗೆ ಅಂಟಿದ್ದನ್ನು ನಾಲಿಗೆಯಿಂದ ಬಿಡಿಸಿಕೊಂಡು, "ಅಗಿಯಲೇಬಾರದೇ?" ಎಂದ.

"ನಮ್ಮ ಕಡೆ ಯಾರೂ ಅಗಿಯೋದಿಲ್ಲ."

"ನಿಮ್ಮ ಕಡೆ ಎಷ್ಟು ಜನ ಇದ್ದೀರಿ?"

"ಕೋಟಿಗಟ್ಟಲೆ."

ಅವನು ಚಮಚ ಕೆಳಗಿಟ್ಟ. "ನಾನು ಡೆಂಟಿಸ್ಟ್. ಈ ವಿಷಯ ದಯವಿಟ್ಟು ಈ ಊರಲ್ಲಿ ಯಾರಿಗೂ ಹೇಳಬೇಡಿ."

ಬದನೆಕಾಯಿ ಸಂಬಂಧ

ಇನ್ನೊಂದು ದಿನ ಧಾರವಾಡ ಕಡೆಯ ಡಾಕ್ಟರ್ ಅಂಕಲ್ ಬಂದರು. ಪಕ್ಕದ ಟೇಬಲ್ಲಿನವನು ಜೋಳದ ರೊಟ್ಟಿಯಲ್ಲಿ ಕುರಿಮಾಂಸ ಸುತ್ತಿಕೊಂಡು ತಿನ್ನುತ್ತಿದ್ದ.

"ಏನವಾ ಇದು! ರೊಟ್ಟಿ ಮರ್ಯಾದಿ ತಗದ್ರಲ್ಲ!" ಎಂದು ಎದ್ದು ನಿಂತರು.

ಯಜಮಾನ ಗಾಬರಿಯಾಗಿ, ಎಣ್ಣೆಯಲ್ಲಿ ಬಾಡಿಸಿ ಈರುಳ್ಳಿ ತುಂಬಿದ ತನ್ನ ಬದನೆಕಾಯಿಯನ್ನು ರೊಟ್ಟಿಯ ಜೊತೆ ತಂದಿಟ್ಟ. ಅಂಕಲ್ ಕೂತರು. ಒಂದು ರೊಟ್ಟಿ ಹೋಯಿತು. ಎರಡು ಹೋಯಿತು. ಮೂರನೆಯದಕ್ಕೆ ಮಾತು ಹೊರಟಿತು.

"ಈ ಬದನಿಕಾಯಿ ಮಾಡಿದಂವ ಯಾರು?"

"ಇವರೇ, ಅಂಕಲ್. ಅಥೆನ್ಸ್ ಹತ್ತಿರದವರು."

ಅಂಕಲ್ ಅವನ ಮೀಸೆಯನ್ನೇ ದಿಟ್ಟಿಸಿದರು. "ಏ, ಸುಳ್ಳ ಹೇಳಬ್ಯಾಡವಾ. ಇಂವಾ ನಮ್ಮ ಬೈಲಹೊಂಗಲದಂವನ. ದಾರಿ ತಪ್ಪಿ ಅಲ್ಲಿ ಹುಟ್ಯಾನ!"

ಹೋಟೆಲು ತುಂಬಿದ್ದು

ಒಬ್ಬ ಡೆಂಟಿಸ್ಟ್, ಒಬ್ಬ ಡಾಕ್ಟರ್ ಬಂದರೆ ಹೋಟೆಲು ನಡೆಯುತ್ತದೆಯೇ? ಯಜಮಾನ ಮಾರಲು ಹೊರಟ. ಕೊಳ್ಳುವವನು ಶನಿವಾರ ಸಂಜೆ ನೋಡಲು ಬರುವವನಿದ್ದ.

"ಅವತ್ತು ನಾಲ್ಕು ಜನ ಗಿರಾಕಿ ಕಂಡರೆ ನಾನೇ ಮನಸ್ಸು ಬದಲಿಸ್ತೀನಿ," ಎಂದ ಯಜಮಾನ. ನಾನು ಪರಿಚಯದ ಕನ್ನಡದವರಿಗೆಲ್ಲ ಫೋನ್ ಮಾಡಿ, "ಶನಿವಾರ ನಮ್ಮ ಹೋಟೆಲಿಗೆ ಊಟಕ್ಕೆ ಬನ್ನಿ," ಅಂದೆ.

ಬಂದರು. ದೂರದ ಊರು ಸ್ಕೋಕಿಯಿಂದಲೂ ಡ್ರೈವ್ ಮಾಡಿಕೊಂಡು ಬಂದರು. ಒಂದು ಕುರ್ಚಿಯೂ ಖಾಲಿ ಇಲ್ಲ. ಆದರೆ ಒಬ್ಬೊಬ್ಬರ ಕೈಯಲ್ಲೂ ಫಾಯಿಲ್ ಮುಚ್ಚಿದ ಟ್ರೇ! ಬಿಸಿಬೇಳೆಬಾತು, ಕೋಸಂಬರಿ, ಮೊಸರನ್ನ. ಇಲ್ಲಿ ನಮ್ಮವರನ್ನು ಊಟಕ್ಕೆ ಕರೆದರೆ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ, ಎಂದೇ ಲೆಕ್ಕ. ಬರಿಗೈಯಲ್ಲಿ ಬರುವುದುಂಟೇ?

"ಆಂಟಿ, ಇದು ಹೋಟೆಲು!"

"ಗೊತ್ತು ಕಣೇ. ಪಾಪ, ನಿನಗೊಬ್ಬಳಿಗೇ ಯಾಕೆ ಕಷ್ಟ ಅಂತ. ಪೇಪರ್ ಪ್ಲೇಟೂ ತಂದಿದೀನಿ."

ಯಜಮಾನ ತಲೆಯ ಮೇಲೆ ಕೈ ಹೊತ್ತು ಕೂತ. ಅವನ ಹೆಂಡತಿಗೋ ಸಂಭ್ರಮ. ತಮ್ಮೂರ ಚರ್ಚಿನ ಊಟವೂ ಹೀಗೇ ಎಂದಳು. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂಬ ಶಾಸ್ತ್ರ ಅಲಬಾಮದಲ್ಲೂ ಉಂಟಂತೆ. ನವಣೆ ತುಂಬಿದ ದಪ್ಪ ಮೆಣಸಿನಕಾಯಿ, ಬೆಂಡೆಕಾಯಿ ಗೊಜ್ಜಿನ ಜೊತೆ ಮೆಕ್ಕೆಜೋಳದ ಗಂಜಿ, ಹೀಗೆ ಅಡುಗೆಮನೆಯಲ್ಲಿ ಇದ್ದದ್ದನ್ನೆಲ್ಲ ಆ ಟ್ರೇಗಳಿಗೆ ತುಂಬಿ ತುಂಬಿ ಕೊಟ್ಟಳು.

ಮಾರನೆಯ ಬೆಳಿಗ್ಗೆ ಫೋನ್ ಶುರುವಾಯಿತು. "ಆ ನವಣೆ ಮೆಣಸಿನಕಾಯಿ ನಾಮಕರಣಕ್ಕೆ ಮಾಡಿಕೊಡ್ತೀರಾ?" "ನಮ್ಮ ಗೃಹಪ್ರವೇಶಕ್ಕೆ?" ಸಂಜೆಯ ಹೊತ್ತಿಗೆ ಯಜಮಾನ ಮಾರುವ ಮಾತೇ ಬಿಟ್ಟ. ನನ್ನ ಕೆಲಸ ಉಳಿಯಿತು.

ಆ ತುಂಬಿದ ಶನಿವಾರ ಮೆನು ನೋಡಿ, ಆರ್ಡರ್ ಮಾಡಿ, ತಿಂದು, ಬಿಲ್ಲು ಕೊಟ್ಟು ಹೋದವನು ಮಾತ್ರ ಒಬ್ಬನೇ: ಹೋಟೆಲು ಕೊಳ್ಳಲು ಬಂದಿದ್ದವನು. ಪಾಪ, ಟಿಪ್ಸ್ ಬೇರೆ ಇಟ್ಟಿದ್ದ.