ಹುಂಜನೋ ಪಾದ್ರಿಯೋ

ಗೊತ್ತಿಲ್ಲದ ವಿಷಯಕ್ಕೆ ತಲೆಯಾಡಿಸುವುದು ನನ್ನ ಹುಟ್ಟುಗುಣ. ಮದುವೆ ಮನೆಯಲ್ಲಿ ಯಾರಾದರೂ ಬಂದು 'ನನ್ನ ಗುರುತು ಸಿಗಲಿಲ್ಲೇನು?' ಅಂದರೆ 'ಅಯ್ಯ, ಸಿಗದ ಏನ್ರಿ' ಅಂದುಬಿಡುತ್ತೇನೆ. ಆಮೇಲೆ ಅವರು ಯಾರೆಂದು ಹುಡುಕುತ್ತ ಊಟ ಮುಗಿಯುವವರೆಗೂ ಬೆವರುತ್ತೇನೆ. ಸಂಗೀತ ಕಚೇರಿಯಲ್ಲಿ ಪಕ್ಕದವರು 'ಆಹಾ' ಅಂದ ಮರುಕ್ಷಣ ನನ್ನದೂ ಒಂದು 'ಆಹಾ'. ಊರಲ್ಲಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಸಿಂಗಾಪುರಕ್ಕೆ ಬಂದ ಮೇಲೆ ಮಾತ್ರ ಇದೇ ಗುಣ ಇಬ್ಬರು ಹಿರಿಯರ ನಲವತ್ತು ವರ್ಷದ ಗೆಳೆತನಕ್ಕೆ ಕೊಳ್ಳಿ ಇಟ್ಟಿತು.

ಅದು ಎರಡು ಸಾವಿರದ ದಶಕದ ಭರಾಟೆಯ ಕಾಲ. ಜುರಾಂಗ್ ವೆಸ್ಟ್ ಹತ್ತಿರದ ನಮ್ಮ ಕಾರ್ಖಾನೆಗೆ ವಾರಕ್ಕೊಬ್ಬರು ಹೊಸಬರು ಸೇರುತ್ತಿದ್ದರು, ಕ್ಯಾಂಟೀನಿನಲ್ಲಿ ಕೂರಲು ಕುರ್ಚಿ ಸಿಗುತ್ತಿರಲಿಲ್ಲ. ಧಾರವಾಡದಲ್ಲಿ ಓದಿದ ನನ್ನನ್ನು ಇಂಟರ್‌ವ್ಯೂ ಮಾಡಿದವರು ವಾಲ್ಟರ್ ಅಂತ, ಉತ್ಪಾದನಾ ವಿಭಾಗದ ಮುಖ್ಯಸ್ಥರು, ಅಮೆರಿಕದವರು. ಕೊನೆಯಲ್ಲಿ ಅವರು 'ಬೇಸ್‌ಬಾಲ್ ನೋಡ್ತೀರಾ?' ಅಂದರು. ನಾನು ತಲೆಯಾಡಿಸಿದೆ. ಕೆಲಸ ಸಿಕ್ಕಿತು.

ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಆ ಟೋಪಿ ಒಂದೇ. ಆಮೇಲೆ ಕಲಿತೆ. ಮೈದಾನಕ್ಕೆ ನಾಲ್ಕು ಮೂಲೆ. ಎರಡನೇ ಮೂಲೆಯ ಹತ್ತಿರ ಒಬ್ಬ ನಿಂತಿರುತ್ತಾನೆ, ಅವನು ಸೆಕೆಂಡ್ ಬೇಸ್‌ಮನ್. ಜೊತೆಯವನು ಎಸೆದ ಚೆಂಡನ್ನು ಹಿಡಿದು, ಮೂಲೆಯನ್ನು ಮೆಟ್ಟಿ, ಮೈಮೇಲೆ ನುಗ್ಗಿ ಬರುವ ಓಟಗಾರನಿಂದ ತಪ್ಪಿಸಿಕೊಂಡು, ಗರ್ರನೆ ತಿರುಗಿ ಮೊದಲನೇ ಮೂಲೆಗೆ ಎಸೆಯಬೇಕು. ಎಲ್ಲ ಸರಿಹೋದರೆ ಒಂದೇ ಏಟಿಗೆ ಇಬ್ಬರು ಔಟ್. ಸರಿಹೋಗದಿದ್ದರೆ ಇವನೇ ನೆಲಕ್ಕೆ.

ವಾಲ್ಟರ್ ಅವರ ಊರಿನ ತಂಡದಲ್ಲಿ ಅವರ ಬಾಲ್ಯಕಾಲಕ್ಕೆ ಇಂಥವರು ಇಬ್ಬರಿದ್ದರಂತೆ. ಜಾಗ ಒಂದೇ, ಆಳು ಎರಡು. ಒಬ್ಬನನ್ನು ಜನ ರೂಸ್ಟರ್ ಅನ್ನುತ್ತಿದ್ದರು, ಅಂದರೆ ಹುಂಜ. ಎಗರಿ, ಹಾರಿ, ಮಣ್ಣಲ್ಲಿ ಉರುಳಿ ಚೆಂಡು ಹಿಡಿಯುತ್ತಿದ್ದ. ಹಿಡಿದ ಮೇಲೆ ಅಂಪೈರನ ಮೇಲೂ ಎಗರುತ್ತಿದ್ದ. ಇನ್ನೊಬ್ಬ ಡೀಕನ್, ಅಂದರೆ ಪಾದ್ರಿ. ಅವನು ಹಾರುತ್ತಲೇ ಇರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ವಾಲ್ಟರ್ ಪಾದ್ರಿಯ ಭಕ್ತರು. ಅದೇ ಊರಿನಲ್ಲಿ ಅವರ ಜೊತೆಗೇ ಶಾಲೆ ಕಲಿತ ಹ್ಯಾಂಕ್ ಅನ್ನುವವರು ನಮ್ಮಲ್ಲೇ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಅವರು ಹುಂಜನ ಭಕ್ತರು. ಭೂಮಿಯ ಆ ತುದಿಯಿಂದ ಈ ತುದಿಗೆ ಬಂದರೂ ಈ ಜಗಳವನ್ನು ಇಬ್ಬರೂ ಮರೆಯದೆ ಪ್ಯಾಕ್ ಮಾಡಿಕೊಂಡು ಬಂದಿದ್ದರು.

ಸೋಮವಾರ ವಾಲ್ಟರ್ ನನ್ನನ್ನು ಹಾಕರ್ ಸೆಂಟರ್ ಅನ್ನುವ ಊಟದಂಗಡಿಗಳ ಸಾಲಿಗೆ ಕರೆದೊಯ್ದು, 'ಹಾರುವವನು ಯಾಕೆ ಹಾರುತ್ತಾನೆ ಹೇಳು? ತಡವಾಗಿ ಹೊರಡ್ತಾನೆ, ಅದಕ್ಕೆ!' ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮಂಗಳವಾರ ಹ್ಯಾಂಕ್ ಅದೇ ಟೇಬಲ್ಲಿನಲ್ಲಿ, 'ಸುಮ್ಮನೆ ನಿಂತವನ ಕೈಗೆಟುಕದೆ ಎಷ್ಟು ಚೆಂಡು ದಾಟಿಹೋದವು, ಲೆಕ್ಕ ಇಟ್ಟವರು ಯಾರು?' ಅನ್ನುತ್ತಿದ್ದರು. ಅದಕ್ಕೂ ತಲೆಯಾಡಿಸುತ್ತಿದ್ದೆ. ಇಬ್ಬರ ಮಾತೂ ನನಗೆ ಸರಿ ಅನ್ನಿಸುತ್ತಿತ್ತು ಅನ್ನುವುದೇ ನನ್ನ ಸಂಕಟ. ಮೀನು ತಿನ್ನದ ನಾನು ಇಬ್ಬರ ಜೊತೆಗೂ ಅನ್ನ, ಕಾಯಿಪಲ್ಲೆ ತಿನ್ನುತ್ತ ಮೂರು ತಿಂಗಳು ಸುಖವಾಗಿ ಕಳೆದೆ.

ಸಿಕ್ಕಿಬಿದ್ದದ್ದು ಒಂದು ಶುಕ್ರವಾರದ ಮೀಟಿಂಗಿನಲ್ಲಿ. ಹೊಸ ಯಂತ್ರದ ನಕ್ಷೆ ಚರ್ಚೆಯಾಗುವಾಗ ಮಾತು ಹೇಗೋ ಹುಂಜನ ಕಡೆ ಹೊರಳಿತು. 'ಇಂಡಿಯಾದಿಂದ ಬಂದ ಇವನಿಗೂ ಗೊತ್ತು, ಪಾದ್ರಿನೇ ದೊಡ್ಡವನು' ಅಂದರು ವಾಲ್ಟರ್. 'ಏನು? ಇವನು ನನ್ನ ಕಡೆ!' ಅಂದರು ಹ್ಯಾಂಕ್. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ನಕ್ಷೆಯಲ್ಲಿ ಒಂದು ಬೋಲ್ಟನ್ನು ಬಹಳ ಆಸಕ್ತಿಯಿಂದ ನೋಡಿದೆ.

ನನಗೆ ಬೈದಿದ್ದರೆ ಚೆನ್ನಾಗಿತ್ತು. ಅವರು ಒಬ್ಬರಿಗೊಬ್ಬರು ಬೈದುಕೊಂಡರು. ರೇಗಿದ ಹ್ಯಾಂಕ್, 'ಕೊನೇ ಪಂದ್ಯದಲ್ಲಿ ಹುಂಜ ಹಿಡಿದ ಆ ಕ್ಯಾಚು ನೀನು ನೋಡಲೇ ಇಲ್ಲ ವಾಲ್ಟ್! ಇಡೀ ಊರು ಅಲ್ಲಿತ್ತು, ನೀನು ಬರಲಿಲ್ಲ' ಅಂದುಬಿಟ್ಟರು. ವಾಲ್ಟರ್ ಪೆನ್ನಿನ ಮುಚ್ಚಳ ಹಾಕಿ, ಎದ್ದು, ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋದರು.

ಅಂದಿನಿಂದ ಮಾತು ಬಂದ್. ಹತ್ತು ಹೆಜ್ಜೆ ದೂರದ ಎರಡು ಕೋಣೆಗಳ ನಡುವೆ ನಕ್ಷೆ ಹೊತ್ತು ಓಡಾಡುವ ಕೆಲಸ ನನ್ನದಾಯಿತು. 'ಅವನಿಗೆ ಹೇಳು' ಅಂತ ಇವರು, 'ಇವನಿಗೆ ಹೇಳು' ಅಂತ ಅವರು. ಮೂರನೇ ವಾರ ಹ್ಯಾಂಕ್ ಊರಿಗೆ ವಾಪಸಾಗಲು ವರ್ಗಾವಣೆ ಕೇಳಿದ್ದಾರೆ ಅನ್ನುವ ಸುದ್ದಿ ಬಂತು. ಆ ರಾತ್ರಿ ಕೂತು ಹೆಂಡತಿ ಗಿರಿಜಾಗೆ ಎಲ್ಲ ಹೇಳಿದೆ.

ಆಕೆ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಪೂರ್ತಿ ಕೇಳಿ, 'ಆ ಪಾದ್ರಿ ಅನ್ನಾಂವ ನಮ್ಮ ಹೆಣ್ಣಮಕ್ಕಳಂಗ ನೋಡ್ರಿ' ಅಂದಳು. 'ಹೊತ್ತಿಗೆ ಸರಿಯಾಗಿ ಎಲ್ಲ ಮಾಡಿಟ್ರ ಯಾರ ಕಣ್ಣಿಗೂ ಬೀಳೂದಿಲ್ಲ. ನೀವು ವರ್ಷಕ್ಕೊಮ್ಮೆ ಚಹಾ ಮಾಡಿದ್ರ ಹುಂಜನಂಗ ಕೂಗ್ತೀರಿ.' ಆಮೇಲೆ ಅಂದಳು, 'ರವಿವಾರ ಇಬ್ಬರನ್ನೂ ಊಟಕ್ಕ ಕರೀರಿ. ಒಬ್ಬರು ಬರೂದು ಇನ್ನೊಬ್ಬರಿಗೆ ಹೇಳಬ್ಯಾಡ್ರಿ.'

ಭಾನುವಾರ ಇಬ್ಬರೂ ಒಂದೇ ಲಿಫ್ಟಿನಲ್ಲಿ ಬಂದರು. ಏಳು ಮಹಡಿ ಮಾತಿಲ್ಲದೆ ಹತ್ತಿದ ಸಿಟ್ಟು ಇಬ್ಬರ ಮುಖದ ಮೇಲೂ ಇತ್ತು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಕೆಂಪು ಖಾರ ತಗುಲಿ ಇಬ್ಬರ ಕಣ್ಣಲ್ಲೂ ನೀರು. ಆದರೂ ನೀರಿನ ಜಗ್ಗು ಇತ್ತ ಸರಿಸು ಅಂತ ಒಬ್ಬರನ್ನೊಬ್ಬರು ಕೇಳಲಿಲ್ಲ, ನನ್ನನ್ನೇ ಕೇಳಿದರು. ಊಟ ಮುಗಿದ ಮೇಲೆ ಗಿರಿಜಾ ಕೈ ಒರೆಸಿಕೊಳ್ಳುತ್ತ ತನ್ನ ನೇರ ಇಂಗ್ಲಿಷಿನಲ್ಲಿ, 'ಅಂಥಾದ್ದೇನು ಮಾಡ್ತಿದ್ರು ಆ ಇಬ್ಬರು? ಕೆಳಗೆ ಬಂದು ತೋರಿಸಿ' ಅಂದಳು.

ನಮ್ಮ ಬ್ಲಾಕಿನ ಕೆಳಗೆ, ಎಲ್ಲ ಬ್ಲಾಕುಗಳಲ್ಲಿ ಇರುವ ಹಾಗೆ, ಖಾಲಿ ಬಿಟ್ಟ ನೆಲಮಹಡಿ, ಇಲ್ಲಿಯವರ ಬಾಯಲ್ಲಿ ವಾಯ್ಡ್ ಡೆಕ್ಕು. ನಾಲ್ಕು ಕಂಬ ನಾಲ್ಕು ಮೂಲೆಯಾಯಿತು. ನನ್ನ ಆರು ಕಾಲುಚೀಲ ಸುತ್ತಿ ಗಿರಿಜಾ ಚೆಂಡು ಮಾಡಿದಳು. ಅಲ್ಲಿ ಚೆಸ್ ಆಡುತ್ತಿದ್ದ ನೆರೆಮನೆಯ ಟಾನ್ ಅಂಕಲ್ ಗೋಡೆಯ ಬೋರ್ಡು ತೋರಿಸಿ, 'ಚೆಂಡಾಟ ಕ್ಯಾನಾಟ್ ಲಾ! ಓದಲು ಬರಲ್ವಾ?' ಅಂತ ಸಿಂಗಾಪುರದ ಇಂಗ್ಲಿಷಿನಲ್ಲಿ ಗದರಿದರು. 'ಇದು ಚೆಂಡಲ್ಲ ಅಂಕಲ್, ಸಾಕ್ಸ್' ಅಂದಳು ಗಿರಿಜಾ. ಅವರು ಯೋಚಿಸಿ, ಸರಿ ಅನ್ನಿಸಿ, ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡರು.

ಎರಡನೇ ಕಂಬಕ್ಕೆ ನನ್ನನ್ನು ನಿಲ್ಲಿಸಿದರು. ಹ್ಯಾಂಕ್ ಎಸೆದದ್ದು ನನ್ನ ಹಣೆಗೆ ಬಡಿಯಿತು. ಎರಡನೆಯದು ಹಿಡಿದೆ, ಗರ್ರನೆ ತಿರುಗಿದೆ, ತಿರುಗಿದ್ದು ಹೆಚ್ಚಾಗಿ ಹ್ಯಾಂಕ್‌ಗೇ ವಾಪಸ್ ಎಸೆದೆ. ಮೂರನೆಯದಕ್ಕೆ ಕಂಬವನ್ನು ಅಪ್ಪಿಕೊಂಡೆ. 'ಸರೀರಿ ಆ ಕಡೆ' ಅಂದಳು ಗಿರಿಜಾ. ಓಢಣಿ ಸೊಂಟಕ್ಕೆ ಬಿಗಿದಳು. ಹ್ಯಾಂಕ್ ಮೆಲ್ಲಗೆ ಎಸೆಯಲು ಹೋದರೆ 'ಜೋರಾಗಿ' ಅಂದಳು. ಅವರು ಜೋರಾಗಿಯೇ ಎಸೆದರು. ಆಕೆ ಹಿಡಿದದ್ದು ನನಗೆ ಕಾಣಲಿಲ್ಲ. ಕಾಲು ಕಂಬಕ್ಕೆ ತಾಗಿದ ಸದ್ದು ಕೇಳಿತು, ಅಷ್ಟರಲ್ಲಿ ಚೆಂಡು ಮೊದಲನೇ ಕಂಬದ ಬಳಿ ವಾಲ್ಟರ್ ಅವರ ಅಂಗೈಯಲ್ಲಿತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ ಥ್ರೋಬಾಲ್ ಆಡಿದ್ದಳಂತೆ. ಮದುವೆಯಾಗಿ ಹನ್ನೊಂದು ವರ್ಷ, ನಾನು ಕೇಳಿರಲಿಲ್ಲ.

'ಹುಂಜ! ಸಾಕ್ಷಾತ್ ಹುಂಜನ ಕೈ!' ಅಂತ ಕೂಗಿದರು ಹ್ಯಾಂಕ್.

'ಕಣ್ಣು ಹೋಯ್ತಾ ನಿಂಗೆ? ಅವಳು ಹಾರಲೇ ಇಲ್ಲ. ಪಾದ್ರಿ!' ಅಂದರು ವಾಲ್ಟರ್.

ಮೂರು ವಾರಗಳ ನಂತರದ ಮೊದಲ ಮಾತು. ಇಬ್ಬರಿಗೂ ಅದು ಹೊಳೆಯಿತು. ವಾಲ್ಟರ್ ಆ ಕಾಲುಚೀಲದ ಉಂಡೆಯನ್ನು ಹಿಚುಕುತ್ತ, 'ಆ ದಿನ ನಾನು ಆಸ್ಪತ್ರೆಯಲ್ಲಿದ್ದೆ ಹ್ಯಾಂಕ್. ಅಪ್ಪನ ಹಾಸಿಗೆ ಪಕ್ಕ, ಅವರ ಕಿವಿಗೆ ರೇಡಿಯೋ ಹಿಡಿದುಕೊಂಡು ಕೂತಿದ್ದೆ. ಆ ಕ್ಯಾಚು ಕೇಳಿದ್ದೀನಿ' ಅಂದರು. ಹ್ಯಾಂಕ್ ನಿಧಾನವಾಗಿ ನಡೆದು ಹೋಗಿ ಅವರ ಹೆಗಲ ಮೇಲೆ ಕೈ ಇಟ್ಟರು. 'ಗೊತ್ತಿತ್ತು. ಆ ಮಾತು ಆಡಬಾರದಿತ್ತು' ಅಂದರು.

'ಸೋ, ಹೂ ವಿನ್? ಯಾರು ಗೆದ್ದದ್ದು?' ಅಂದರು ಟಾನ್ ಅಂಕಲ್.

ಹ್ಯಾಂಕ್ ವರ್ಗಾವಣೆ ಅರ್ಜಿ ವಾಪಸ್ ಪಡೆದರು. ಭಾನುವಾರದ ರೊಟ್ಟಿ, ಅದರ ಮೇಲೆ ಆಟ, ಅದರ ಮೇಲೆ ಜಗಳ, ಎಲ್ಲ ರೂಢಿಯಾಯಿತು. ಉರುಳಿ ಹೋದ ಚೆಂಡನ್ನು ಸೈಕಲ್ ಸ್ಟ್ಯಾಂಡಿನ ಕೆಳಗಿಂದ ತರುವುದು ನನ್ನ ಪಾಲಿಗೆ ಬಂತು. ಆ ವರ್ಷದ ನನ್ನ ಅಪ್ರೈಸಲ್‌ನಲ್ಲಿ ಇಬ್ಬರೂ ಸೇರಿ ಒಂದೇ ಸಾಲು ಬರೆದರು: 'ಇವರನ್ನು ಕಳೆದುಕೊಳ್ಳುವಂತಿಲ್ಲ, ಇವರು ಹೋದರೆ ಗಿರಿಜಾ ಕೂಡ ಹೋಗುತ್ತಾರೆ.' ಬಡ್ತಿಯೂ ಸಿಕ್ಕಿತು. ಊರಿಂದ ಅಪ್ಪ ಫೋನಿನಲ್ಲಿ, 'ಇಷ್ಟ ಲಗೂ ಹೆಂಗ ಸಿಕ್ತೋ?' ಅಂತ ಹಿಗ್ಗಿನಿಂದ ಕೇಳಿದರು. 'ಭಾಳ ಕಷ್ಟಪಟ್ಟೀನಪ್ಪಾ' ಅಂದೆ. ಒಳಗಿನ ಕೋಣೆಯಲ್ಲಿ ಗಿರಿಜಾ ಗೋಡೆಗೆ ಚೆಂಡು ಎಸೆದು ಹಿಡಿಯುವುದನ್ನು ಪ್ರಾಕ್ಟೀಸ್ ಮಾಡುತ್ತಿದ್ದಳು. 'ಅದೇನೋ ಅದು ಧಪ್ ಧಪ್ ಸಪ್ಪಳ?' ಅಂದರು ಅಪ್ಪ. ಆಫೀಸಿನ ಕೆಲಸ ಅಂದೆ.