ಅವರೆಲ್ಲಿ, ಇವರೆಲ್ಲಿ!

ಪ್ರೊಫೆಸರ್: ಶತಮೂರ್ಖ ಕಣೇ ಅವನು! ನನ್ನ ಪ್ರಬಂಧಾನ ತಿರಸ್ಕರಿಸೋ ಅಷ್ಟು ಕೊಬ್ಬಾ?

ಹೆಂಡತಿ: ಯಾರ್ರೀ ಅವನು?

ಪ್ರೊಫೆಸರ್: ಯಾರಿಗ್ಗೊತ್ತು! ಪರೀಕ್ಷಕರ ಹೆಸರು ನಮಗೆ ಹೇಳಲ್ಲ, ನಮ್ಮ ಹೆಸರು ಅವರಿಗೆ ಹೇಳಲ್ಲ. ಸಮಿತಿಯವರಿಗೂ ಪ್ರಬಂಧದ ನಂಬರಷ್ಟೇ ಗೊತ್ತು.

ಹೆಂಡತಿ: ದೊಡ್ಡವರ ಕಣ್ಣಾಮುಚ್ಚಾಲೆ ಅನ್ನಿ.

ಕಂಪ್ಯೂಟರಿನ ಮೆಮೊರಿಯಲ್ಲಿ ಯಾವುದನ್ನು ಕೈಗೆಟುಕುವಂತೆ ಇಡಬೇಕು, ಯಾವುದನ್ನು ದೂರ ಸಾಗಹಾಕಬೇಕು ಎಂಬ ಒಂದೇ ವಿಷಯಕ್ಕೆ ಪ್ರೊಫೆಸರ್ ಮೂವತ್ತು ವರ್ಷ ಜೀವ ತೇದಿದ್ದರು. ಈ ಪ್ರಬಂಧ ಪಾಸಾದರೆ ಕೆಲಸ ಇನ್ನೆರಡು ವರ್ಷ ಉಳಿಯುತ್ತದೆ. ಇಲ್ಲದಿದ್ದರೆ ಬರುವ ತಿಂಗಳಿಂದ ನಿವೃತ್ತಿ, ಮನೆಯೇ ಪ್ರಯೋಗಾಲಯ. ಹೆಂಡತಿಗೆ ಚಿಂತೆ ಹತ್ತಿದ್ದು ಅದಕ್ಕೇ. ಹೋದ ರಜೆಯಲ್ಲಿ, ನಾಲ್ಕು ದಿನ ಯಾರೂ ಮುಟ್ಟಲಿಲ್ಲವೆಂದು ಈ ಮಹಾನುಭಾವರು ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ್ದರು. ಪದೇ ಪದೇ ಬೇಕಾಗುತ್ತದೆಂದು ಪೊರಕೆಯನ್ನು ಊಟದ ಮೇಜಿನ ಮೇಲಿಟ್ಟಿದ್ದರು.

ಹೆಂಡತಿ: ಅದೇನು ಬರೆದಿದ್ದಾನೋ ಓದಿ.

ಪ್ರೊಫೆಸರ್: "ಈ ಕ್ಷೇತ್ರದ ದಿಗ್ಗಜರೊಬ್ಬರು ಇದನ್ನೆಲ್ಲ ಎಂದೋ ಹೇಳಿ ಮುಗಿಸಿದ್ದಾರೆ. ಲೇಖಕರಿಗೆ ಅವರ ಗಾಳಿಯೂ ಸೋಕಿದಂತಿಲ್ಲ. ಅವರೆಲ್ಲಿ, ಇವರೆಲ್ಲಿ!"

ಹೆಂಡತಿ: ಯಾರಂತೆ ಆ ದಿಗ್ಗಜ?

ಪ್ರೊಫೆಸರ್: (ಮೆಲ್ಲಗೆ) ನಾನೇ.

ಹೆಂಡತಿ: ನೀವಾ!

ಪ್ರೊಫೆಸರ್: ಹೆಸರು ಹಾಕಿದ್ದಾನೆ, ನೋಡು. ಆ ಒಂದು ಸಾಲು ಮಾತ್ರ ಚೆನ್ನಾಗಿ ಬರೆದಿದ್ದಾನೆ. ತಿಳಿದವನು.

ಹೆಂಡತಿ: ಈಗ ತಾನೇ ಶತಮೂರ್ಖ ಅಂದ್ರಿ!

ಪ್ರೊಫೆಸರ್: ಅದು ಮುಂದಿನ ಸಾಲಿಂದ ಶುರುವಾಗುತ್ತೆ.

ಹೆಂಡತಿ: ಸುಮ್ನೆ ಮೇಲ್ಮನವಿ ಹಾಕಿ.

ಪ್ರೊಫೆಸರ್: ಏನಂತ ಹಾಕ್ಲಿ? ಆ ದಿಗ್ಗಜ ಅಂಥಾ ದೊಡ್ಡ ಮನುಷ್ಯ ಏನಲ್ಲ ಅಂತಾನಾ?

ಹೆಂಡತಿ: ಅದನ್ನ ನಾನು ಬರ್ಕೊಡ್ತೀನಿ. ಬೇಕಾದಷ್ಟು ಪುರಾವೆ ಇದೆ ನನ್ಹತ್ರ.

ಬಿಟ್ಟೂಬಿಡದೆ ಪೀಡಿಸಿ ಆಕೆ ಮನವಿ ಹಾಕಿಸಿಯೇ ಬಿಟ್ಟಳು. ವಾರ ಕಳೆದು ಸಮಿತಿಯ ಉತ್ತರ ಬಂದಾಗ ಪ್ರೊಫೆಸರರ ಮುಖ ಮೊರದಗಲವಾಯಿತು.

ಪ್ರೊಫೆಸರ್: ಪ್ರಬಂಧಾನ ಆ ದಿಗ್ಗಜನ ಹತ್ರಾನೇ ಕಳ್ಸಿದ್ದಾರೆ ಕಣೇ! ಅವನು ಹೇಳಿದ್ದೇ ಕೊನೇ ಮಾತಂತೆ.

ಹೆಂಡತಿ: ಅಂದ್ರೆ ನಿಮಗೇನಾ? ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಬಿಡಿ! ಬರೆದವರು ಯಾರೂಂತ ಅವರಿಗೇನು ಗೊತ್ತು? 'ಚೆನ್ನಾಗಿದೆ' ಅಂತ ಗೀಚಿ ಕಳ್ಸಿ.

ಪ್ರೊಫೆಸರ್: ನನ್ನದನ್ನ ನಾನೇ ಹೊಗಳೋದು ತಪ್ಪಲ್ವೇನೇ?

ಹೆಂಡತಿ: ಇಷ್ಟು ವರ್ಷ ಮಾಡಿದ್ದು ಮತ್ತಿನ್ನೇನು?

ಪ್ರೊಫೆಸರ್ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಗೆದ್ದೆನೆಂಬ ಸಂತೋಷದಲ್ಲಿ ಹೆಂಡತಿ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿದಳು. ಆದರೆ ಹೊರಗೆ ಬಂದವರ ಮುಖ ಕೆಂಡವಾಗಿತ್ತು.

ಹೆಂಡತಿ: ಪಾಸು ಮಾಡಿದ್ರಿ ತಾನೇ?

ಪ್ರೊಫೆಸರ್: ಹೇಗೆ ಮಾಡ್ಲಿ? ನನ್ನ ವಿಧಾನಕ್ಕಿಂತ ಅವನದು ವೇಗವಂತೆ! ನನ್ನದನ್ನ ಹಳೇದು ಅಂತಾನೆ! ಕಸದಬುಟ್ಟಿಗೆ ಹಾಕಿ ಅಂತ ಬರೆದು ಕಳಿಸ್ದೆ.

ಹೆಂಡತಿ: ಅಯ್ಯೋ ನನ್ನ ಕರ್ಮವೇ! ಅದನ್ನ ಬರೆದವರು ನೀವೇ ಅಲ್ವೇನ್ರೀ!

ಪ್ರೊಫೆಸರ್: ಯಾರಾದ್ರೇನು? ನನ್ನನ್ನೇ ಮೀರಿಸ್ತೀನಿ ಅನ್ನೋ ಸೊಕ್ಕು ಅವನಿಗೆ!

ಹೆಂಡತಿ: ಇನ್ನು ಅವನು ಮೂರು ಹೊತ್ತೂ ಮನೇಲೇ ಬಿದ್ದಿರ್ತಾನೆ. ಪಾಪ, ಅವನ ಹೆಂಡ್ತಿ ಗತಿ ಏನು?

ಪ್ರೊಫೆಸರ್: ಅನುಭವಿಸ್ಲಿ! ಮನವಿ ಹಾಕು ಅಂತ ಕುಮ್ಮಕ್ಕು ಕೊಟ್ಟವಳು ಅವಳೇ ತಾನೇ?